ಕುಂಬಾರ ಹೆಣೆದ ಮೂರು ಹೊರಸು

ಬಹಳ ಬಹಳ ಹಿಂದೆ, ಮರಗಳಿಗೆ ಇನ್ನೂ ಬಾಯಿದ್ದ ಕಾಲದಲ್ಲಿ, ಸಿರಿವಾಡ ಅಂತ ಒಂದು ರಾಜ್ಯವಿತ್ತು. ಅಲ್ಲಿ ದುರುಗಪ್ಪ ಅನ್ನುವ ಕುಂಬಾರನಿದ್ದ. ಅವನ ಹೆಂಡತಿ ಗಾಳೆವ್ವ. ಮಕ್ಕಳು ಮೂವರು: ದೊಡ್ಡವಳು ಕಲ್ಲವ್ವ, ನಡುವಿನವನು ಭರಮ, ಕಿರಿಯವಳು ಹೊನ್ನಿ. ಗಡಿಗೆ ಮಾಡಿ, ಗಂಜಿ ಕುಡಿದು, ನಗುನಗುತ್ತಾ ಇದ್ದರು. ನಗುವವರನ್ನು ಕಂಡರೆ ಹೊಟ್ಟೆ ಉರಿದುಕೊಳ್ಳುವವರು ಎಲ್ಲ ಕಾಲಕ್ಕೂ ಇದ್ದೇ ಇರುತ್ತಾರಲ್ಲ! ಆ ರಾಜ್ಯದ ನೆಲದಡಿಯಲ್ಲಿ ನೆಲನುಂಗ ಅನ್ನುವ ಮಾಂತ್ರಿಕ ಬಂದು ಸೇರಿಕೊಂಡ.

ಅವನ ಮೈಯೆಲ್ಲ ಹಸಿಮಣ್ಣು. ಮಗು ನೆಲದ ಮೇಲೆ ಮಲಗಿತೋ, ಕೆಳಗಿನಿಂದ ಕೈ ಚಾಚಿ ಅದರ ಎಚ್ಚರವನ್ನೇ ಕಿತ್ತು ನುಂಗುತ್ತಿದ್ದ. ಆಮೇಲೆ ಆ ಮಗು ಉಸಿರಾಡುತ್ತಿತ್ತು, ಏಳುತ್ತಿರಲಿಲ್ಲ. ಸೀರೆಯ ಜೋಲಿ ಕಟ್ಟಿದರೆ ಅದರ ಗಂಟು ಬಿಚ್ಚುತ್ತಿದ್ದ. ಕೊಂಡು ತಂದ ಮಂಚವಾದರೆ ಅದರ ಕಾಲು ಮುರಿಯುತ್ತಿದ್ದ. ಬೀದಿಬೀದಿಯಲ್ಲಿ ತಾಯಂದಿರು ಏಳದ ಮಕ್ಕಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ರಾಜನೋ, ಗಡ್ಡ ನೀವಿಕೊಳ್ಳುತ್ತಾ ಮಂತ್ರಿಯ ಮುಖ ನೋಡುತ್ತಿದ್ದ.

ಗಾಳೆವ್ವ ಮಕ್ಕಳ ಕಣ್ಣಿಗೆ ನೀರು ಚಿಮುಕಿಸಿ, ಹಾಡಿ, ಕುಣಿಸಿ, ಬೈದು, ಹೇಗೋ ಎಬ್ಬಿಸಿಯೇ ಇಟ್ಟಿದ್ದಳು. ಆದರೆ ಎಷ್ಟು ಹೊತ್ತು ಅಂತ ಎಬ್ಬಿಸಿಡುವುದು? ಹೊನ್ನಿ ನಿಂತಲ್ಲೇ ತೂಕಡಿಸುತ್ತಿದ್ದಳು.

ಆಗ ಊರಿನ ಮುದುಕಿ ಸಿದ್ದಜ್ಜಿ ಬಂದು, "ದುರುಗಪ್ಪಾ, ಹೆತ್ತವರು ತಮ್ಮ ಕೈಯಾರೆ ಮಾಡಿದ ಹೊರಸಿನ ಕಾಲನ್ನು ಅವನು ಮುರಿಯಲಾರ. ಆದರೆ ನೆನಪಿಟ್ಟುಕೋ, ಮಗು ಎಷ್ಟುದ್ದವೋ ಹೊರಸೂ ಅಷ್ಟೇ ಇರಲಿ. ಖಾಲಿ ಜಾಗ ಬಿಟ್ಟರೆ ಅಲ್ಲಿ ಅವನೇ ಬಂದು ಕೂರುತ್ತಾನೆ" ಅಂದಳು.

"ಹಗ್ಗ ಹೆಣೆದ ಮಂಚ ತಾನೇ ಅಜ್ಜಿ? ಮಾಡಿದರಾಯಿತು" ಅಂದ ದುರುಗಪ್ಪ.

"ಮಾಡಿದರಾಯಿತಂತೆ! ಗೂಟ ನೆಟ್ಟಗೆ ಬಡಿಯೋಕೆ ಬರಲ್ಲ ನಿಮಗೆ" ಅಂದಳು ಗಾಳೆವ್ವ. ಅನ್ನುತ್ತಲೇ ಅತ್ತಳು. "ಬೇಗ ಹೋಗಿ ಬನ್ರೀ. ನನ್ನ ಕೈಲಿ ಇನ್ನಾಗಲ್ಲ."

ದುರುಗಪ್ಪ ಕೊಡಲಿ ಹಿಡಿದು ಕಾಡಿಗೆ ಓಡಿದ. ಅಲ್ಲೊಂದು ಮತ್ತಿಮರ. ಕೊಡಲಿ ಎತ್ತಿದ್ದೇ ತಡ, ಕೊಡಲಿ ನೀರಾಗಿ ಸುರಿದುಹೋಯಿತು.

"ಯಾರಿಗೋ ಮಂಚ?" ಅಂತ ಮರ ಗದರಿತು. "ರಾಜನಿಗಾದರೆ ನಡಿ ಆಚೆ."

"ನನ್ನ ಮಕ್ಕಳಿಗಪ್ಪಾ."

"ಎಲ್ಲರೂ ಹಾಗೇ ಅನ್ನೋದು. ನಿನ್ನ ಮಕ್ಕಳೇ ಆದರೆ ಹೇಳು, ಹೇಗೆ ಮಲಗುತ್ತವೆ?"

"ದೊಡ್ಡವಳು ಮುದುಡಿಕೊಳ್ಳುತ್ತಾಳೆ. ಹುಡುಗ ಹಲ್ಲು ಕಡಿಯುತ್ತಾನೆ. ಸಣ್ಣವಳು ಬೆರಳು ಚೀಪುತ್ತಾಳೆ, ಬೇವಿನೆಣ್ಣೆ ಹಚ್ಚಿದರೂ ಬಿಟ್ಟಿಲ್ಲ" ಅಂದ.

ಮರಕ್ಕೆ ನಂಬಿಕೆ ಬಂತು. ಆಮೇಲೆ ಮೈ ಕೊಡವಿತು. ಕಾಲಿಗೆ ಬೇಕಾದಷ್ಟು, ಚೌಕಟ್ಟಿಗೆ ಬೇಕಾದಷ್ಟು ಕೊಂಬೆ ದಡದಡ ಬಿತ್ತು.

ಮರವಾಯಿತು, ಇನ್ನು ಹಗ್ಗಕ್ಕೆ ನಾರು ಬೇಕಲ್ಲ? ಹೊಳೆಯ ದಂಡೆಯಲ್ಲಿ ಪುಂಡಿನಾರಿನ ಗಿಡ ಬೆಳೆದಿತ್ತು. ಅದರ ನಡುವೆ ತಾಮ್ರದ ಕೋರೆಯ ಕಾಡುಹಂದಿಯೊಂದು ಬೆಟ್ಟದ ಹಾಗೆ ಮಲಗಿತ್ತು.

"ನಾರು ಬೇಕಾ? ಮೊದಲು ನನ್ನ ಬೆನ್ನು ತುರಿಸು" ಅಂತು ಹಂದಿ. "ಈ ಕೋರೆ ಕೊಟ್ಟ ದೇವರು ಬೆನ್ನಿಗೆ ಎಟುಕೋ ಕೈ ಕೊಡಲಿಲ್ಲ ನೋಡು."

ದುರುಗಪ್ಪ ತುರಿಸಿದ. ಆ ಬೆನ್ನೋ, ಈ ತುದಿಯಿಂದ ಆ ತುದಿಗೆ ನಡೆದೇ ಹೋಗಬೇಕು! ತುರಿಸಿ ತುರಿಸಿ ಕೈ ಬಿದ್ದುಹೋಗುವ ಹಾಗಾಯಿತು. ಕೊನೆಗೆ ಹಂದಿ "ಹಾ... ಈಗ ಜೀವ ಬಂತು" ಅಂತ ಎದ್ದು, ಪುಂಡಿಯನ್ನು ಕೋರೆಯಿಂದ ಸೀಳಿ, ಹೊಳೆಯಲ್ಲಿ ಅದ್ದಿ, ಬೆಳ್ಳನೆಯ ನಾರು ಎಳೆದುಕೊಟ್ಟಿತು.

ದುರುಗಪ್ಪ ಮನೆಗೆ ಬಂದು, ಬೇವಿನ ಮರದ ಕೆಳಗೆ ಕೂತು ಕೆಲಸ ಹಿಡಿದ. ಮೊದಲನೆಯ ಹೊರಸಿನ ಒಂದು ಕಾಲು ನೆಲ ಮುಟ್ಟಲೇ ಇಲ್ಲ. ಎರಡನೆಯದು ಕುಂಟುವ ಆಡಿನ ಹಾಗಿತ್ತು. ಬಿಚ್ಚಿದ, ಕಟ್ಟಿದ, ಬೆರಳು ಜಜ್ಜಿಕೊಂಡ. ಗಾಳೆವ್ವ ಹಗ್ಗ ಹೊಸೆದುಕೊಟ್ಟಳು, ಅವನು ಬಿಗಿದು ಹೆಣೆದ. ನೆತ್ತಿಯ ಮೇಲೆ ಸೂರ್ಯ ಬರುವಷ್ಟರಲ್ಲಿ ಮೂರು ಹೊರಸೂ ನೆಟ್ಟಗೆ ನಿಂತವು. ಮಕ್ಕಳನ್ನು ಮಲಗಿಸಿದ್ದೇ ತಡ, ಮೂವರೂ ನಿದ್ದೆಹೋದರು.

"ಅಯ್ಯೋ, ಇದೇನ್ರೀ ಮಾಡಿದ್ರಿ!" ಅಂತ ಗಾಳೆವ್ವ ಬಾಯಿ ಬಾಯಿ ಬಡಿದುಕೊಂಡಳು.

ಪ್ರತಿ ಮಗುವಿನ ಕಾಲಿನ ಕೆಳಗೂ ಒಂದೊಂದು ಗೇಣು ಜಾಗ ಖಾಲಿ! ಮಣ್ಣು ಒಣಗಿದರೆ ಕುಗ್ಗುತ್ತದೆ, ಸುಟ್ಟರೆ ಇನ್ನೂ ಕುಗ್ಗುತ್ತದೆ. ಅದಕ್ಕೇ ಕುಂಬಾರ ಯಾವುದನ್ನೂ ಬೇಕಾದ್ದಕ್ಕಿಂತ ದೊಡ್ಡದಾಗೇ ಮಾಡುವುದು. ಹುಟ್ಟಿದಾಗಿನಿಂದ ಮಾಡಿದ ರೂಢಿ, ಕೈ ಕೇಳಬೇಕಲ್ಲ? ಮರವೂ ಕುಗ್ಗುತ್ತದೆ ಅನ್ನುವ ಹಾಗೆ ಅಳತೆ ಹಿಡಿದುಬಿಟ್ಟಿತ್ತು.

ಅಷ್ಟರಲ್ಲಿ ನೆಲ ಬಿರಿಯಿತು. ನೆಲನುಂಗ ಎದ್ದು ಬಂದ.

"ನನಗೂ ಜಾಗ ಬಿಟ್ಟಿದ್ದೀಯಲ್ಲೋ ಕುಂಬಾರ! ಒಳ್ಳೆಯವನು ಕಣೋ ನೀನು" ಅಂತ ನಗುತ್ತಾ, ಮೈ ಕಿರಿದು ಮಾಡಿಕೊಂಡು, ಹೊನ್ನಿಯ ಹೊರಸನ್ನೇರಿ ಕಾಲ ಬುಡದಲ್ಲಿ ಕೂತ. ಮಗುವಿನ ಅಂಗಾಲಿಗೆ ಕೈ ಹಾಕಿದ.

ಗಾಳೆವ್ವ ಅವನನ್ನು ಕೆಳಕ್ಕೆ ಎಳೆಯಲು ನುಗ್ಗಿದಳು.

"ಬೇಡ! ಕೆಳಗೆ ಇಳಿಸಬೇಡ!" ಅಂತ ದುರುಗಪ್ಪ ಕೂಗಿದ.

ಯಾಕೆಂದರೆ ಅವನ ಕಣ್ಣಿಗೆ ಅದು ಬಿದ್ದಿತ್ತು. ನೆಲನುಂಗನ ಮೊಣಕೈ ಹತ್ತಿರ ಕೂದಲೆಳೆಯಷ್ಟು ಒಂದು ಬಿರುಕು. ಹುಟ್ಟಿದ ಮೇಲೆ ಅವನು ನೆಲದ ತೇವ ಬಿಟ್ಟಿದ್ದು ಇದೇ ಮೊದಲು. ಮೇಲಿನಿಂದ ಬೇಸಿಗೆಯ ಬಿಸಿಗಾಳಿ, ಹಗ್ಗದ ಸಂದಿಯಲ್ಲಿ ಕೆಳಗಿನಿಂದಲೂ ಬಿಸಿಗಾಳಿ. ಹಸಿಮಣ್ಣು ಒಣಗುತ್ತಿತ್ತು!

ನೆಲನುಂಗನಿಗೂ ತಿಳಿಯಿತು. ಜಿಗಿಯಲು ನೋಡಿದ. ದುರುಗಪ್ಪ ಹಾರಿ ಅವನ ಎರಡೂ ಭುಜ ಅದುಮಿ ಹಿಡಿದ.

"ಬಿಡೋ! ಹೊನ್ನಿನ ರಾಶಿ ಕೊಡ್ತೀನಿ!"

ದುರುಗಪ್ಪ ಬಿಡಲಿಲ್ಲ.

"ಬಿಡೋ! ರಾಜನನ್ನಾಗಿ ಮಾಡ್ತೀನಿ!"

ಬಿಡಲಿಲ್ಲ.

"ಬಿಡಪ್ಪಾ... ನಿನ್ನ ಮಕ್ಕಳನ್ನು ಮುಟ್ಟಲ್ಲ. ಬೇರೆಯವರ ಮಕ್ಕಳು ಸಾಕು ನನಗೆ!"

"ಅವರೂ ಮಕ್ಕಳೇ ಕಣೋ, ಪಾಪಿ!" ಅಂತ ದುರುಗಪ್ಪ ಹಲ್ಲು ಕಚ್ಚಿ ಅದುಮಿದ. ಗಾಳೆವ್ವ ಬಂದು ನೆಲನುಂಗನ ಕಾಲು ಬಿಗಿಹಿಡಿದಳು. ಮಾಂತ್ರಿಕ ಕೊಸರಾಡಿದ, ಕುಗ್ಗಿದ, ಬಿರುಕುಬಿಟ್ಟ, ಕೊನೆಗೆ ಒಡೆದ ಗಡಿಗೆಯ ಬೋಕಿಯ ಹಾಗೆ ಚೂರುಚೂರಾಗಿ ಉದುರಿಹೋದ.

ಅವನ ಹೊಟ್ಟೆಯಲ್ಲಿದ್ದ ಎಚ್ಚರಗಳೆಲ್ಲ ಬೆಳಕಾಗಿ ಹಾರಿದವು. ಬೀದಿಬೀದಿಯಲ್ಲಿ ಮಕ್ಕಳು ಕಣ್ಣುಜ್ಜಿಕೊಂಡು ಎದ್ದರು. "ಎದ್ದಳು, ಎದ್ದಳು!" "ಬಂತು ನನ್ನ ಕಂದ!" ಅಂತ ಊರೆಲ್ಲ ಕೂಗು.

ಆದರೆ ಕಲ್ಲವ್ವ ಏಳಲಿಲ್ಲ. ಭರಮ ಏಳಲಿಲ್ಲ. ಹೊನ್ನಿಯೂ ಏಳಲಿಲ್ಲ.

ಗಾಳೆವ್ವ ಕಿರಿಯವಳ ಮೇಲೆ ಬಾಗಿದಳು. "ಹೊನ್ನೀ," ಅಂತ ಅಲುಗಿಸಿದಳು. "ಹೊನ್ನೀ, ಏಳೇ ನನ್ನವ್ವಾ. ಅಪ್ಪ ನೋಡ್ತಿದ್ದಾರೆ, ಏಳೇ." ತಡ ಮಾಡಿಬಿಟ್ಟೆನಾ ಅಂತ ದುರುಗಪ್ಪ ಮಗುವಿನ ಮುಖವನ್ನೇ ನೋಡುತ್ತಾ ನಿಂತ.

ಹೊನ್ನಿ ಮುಖ ಸಿಂಡರಿಸಿದಳು. ಅವ್ವನ ಕೈಯನ್ನು ತಳ್ಳಿದಳು.

"ಹೋಗವ್ವಾ, ಇನ್ನೂ ನಿದ್ದೆ ಬರ್ತಿದೆ" ಅಂದು ಆ ಕಡೆ ಹೊರಳಿದಳು.

ಗಾಳೆವ್ವ ನಕ್ಕಳೋ ಅತ್ತಳೋ ಅವಳಿಗೇ ಗೊತ್ತಾಗಲಿಲ್ಲ. ದುರುಗಪ್ಪ ಅಲ್ಲೇ ಕುಸಿದು ಕೂತ. ಕೂತವನು ಹಾಗೇ ಬರಿನೆಲದ ಮೇಲೆ ಅಡ್ಡಾದ. ಗಾಳೆವ್ವನೂ ಸೆರಗು ಹಾಸಿಕೊಂಡು ಪಕ್ಕದಲ್ಲಿ ಒರಗಿದಳು. ಕೊನೆಗೂ ಎಚ್ಚೆತ್ತ ರಾಜ ಪಲ್ಲಕ್ಕಿ ಹತ್ತಿಕೊಂಡು ಸನ್ಮಾನ ಮಾಡಲು ಬಂದ. ಬಂದರೆ ಮನೆಮಂದಿಯೆಲ್ಲ ಗೊರಕೆ ಹೊಡೆಯುತ್ತಿದ್ದಾರೆ! "ಶ್..." ಅಂದ ರಾಜ, ಪಲ್ಲಕ್ಕಿ ಹೊತ್ತವರಿಗೆ. ತುದಿಗಾಲಲ್ಲಿ ಹಿಂದಕ್ಕೆ ಹೋದ.

ಅಂದಿನಿಂದ ಸಿರಿವಾಡದ ಮಕ್ಕಳೆಲ್ಲ ಬೇಕಾದಲ್ಲಿ ಬಿದ್ದುಕೊಂಡು, ಹೊತ್ತೇರುವ ತನಕ ಮಲಗಿ, ಅವ್ವನ ಕೈಲಿ ಚೆನ್ನಾಗಿ ಬೈಸಿಕೊಂಡು ಎದ್ದು, ಸುಖವಾಗಿದ್ದರು.