ಜಮಾಲ್ ಸಾಬನ ಮೂರನೇ ಪ್ಲೇಟು

ಹರಿಹರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಜಮಾಲ್ ಸಾಬ್ ವಾಲ್ವುಗಳಿಂದಲೇ ಸಂಗೀತ ಹುಟ್ಟಿಸುತ್ತಿದ್ದ. ಆ ವಾಲ್ವುಗಳನ್ನು ಕೂರಿಸುವ ಪೆಟ್ಟಿಗೆಗಳ ಮರಗೆಲಸ ನನ್ನದು. ಆ ಸಂಗೀತದ ಎರಡು ಗ್ರಾಮಫೋನ್ ಪ್ಲೇಟು ಬಂದವು. ದಾವಣಗೆರೆಯ ಹೋಟೆಲಿನಲ್ಲಿ ಹಾಕಿದಾಗ, "ಏನ್ ಸಾಬ್ರೆ, ಕೆಟ್ಟ ಮಿಲ್ಲಿನ ಸದ್ದು ಹಿಡಕಂಡ್ ಬಂದೀರಿ?" ಎಂದು ನಕ್ಕವರೇ ಇನ್ನೊಮ್ಮೆ ಹಾಕಿಸಿ ಕೇಳಿದರು. ಮೂರನೆಯದು ಟೇಪಿನಲ್ಲಿ ಅರ್ಧವಾಗಿದ್ದಾಗ, ಅರವತ್ನಾಲ್ಕರ ಬೇಸಿಗೆಯಲ್ಲಿ, ಅವನು ತೀರಿಕೊಂಡ.

ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ ಅವನ ಹೆಂಡತಿ ಜೈನಾಬಿ ನನ್ನನ್ನು ಕರೆಸಿ ಟೇಪು ಹಾಕಿಸಿದಳು. ಅವನು ಅರ್ಧಕ್ಕೆ ಬಿಟ್ಟಿದ್ದ ರಾಗ ಆ ಜಾಗ ದಾಟಿ ತಾನೇ ಮುಂದಕ್ಕೆ ಹೋಯಿತು. ಮುಂದಿನ ಶುಕ್ರವಾರ ಇನ್ನಷ್ಟು ಹೋಯಿತು. ವೈರು ಕಿತ್ತಿಟ್ಟ ಅವನ ಪೆಟ್ಟಿಗೆ ಅಂಗೈಗೆ ಬೆಚ್ಚಗಿತ್ತು. ಅವನು ಈಗಷ್ಟೇ ಎದ್ದುಹೋದಂತೆ ಕೋಣೆಯಲ್ಲಿ ಬೆಸುಗೆಯ ವಾಸನೆ.

"ಪ್ಲೇಟಿನ ಕಂಪನಿಯವ್ರು ಟೇಪು ಕೇಳ್ತಾರೆ, ಪಾಲಯ್ಯಣ್ಣ," ಎಂದಳು ಜೈನಾಬಿ.

"ಕೊಡು. ಪ್ಲೇಟು ಆಗ್ಲಿ ಅಂತ್ಲೇ ಅಲ್ಲೇನು ಅವನು ಒದ್ದಾಡಿದ್ದು?"

"ಮುಗಿದ ಮ್ಯಾಲೆ ಕೊಡ್ತೀನಿ. ಊಟಕ್ಕೆ ಕರೆದ್ರೂ ಇದೊಂದು ಮುಗೀಲಿ ಅಂತಿದ್ರು," ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಮುಗಿದ್ರೆ ಎದ್ದು ಹೋಗಿಬಿಡ್ತಾರೇನೋ," ಎಂದಳು.

ಕಡೆಗೆ ರಾಗ ಟೇಪಿನ ತುದಿ ಮುಟ್ಟಿತು. ಅವತ್ತೇ ಜೈನಾಬಿ ದಾವಣಗೆರೆಯಿಂದ ಖಾಲಿ ಟೇಪು ತರಿಸಿ, ನನ್ನ ಕಣ್ಣೆದುರೇ ತುದಿಗೆ ಅಂಟಿಸಿದಳು.

ಮುಂದಿನ ಶುಕ್ರವಾರ ಕೇಳಿದೆವು. ರಾಗ ಆ ಅಂಟು ದಾಟಿ ಮುಂದೆ ಹೋಗಿತ್ತು.