ಪೆಡಲ್ ಹಿಂದಿನ ಗಂಟು

ಮಗಳು ಜಿಬೆಕ್‌ಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ನಮ್ಮ ಗ್ಯಾರೇಜಿನ ಗೇಟು ಕಿತ್ತು ಬಿತ್ತು.

ಬಿಷ್ಕೆಕ್‌ನಲ್ಲಿ ಗಿರಾಕಿಗಳು ಗೇಟು ತಟ್ಟಿ ಬರುತ್ತಾರೆ. ಕುಬಾತ್‌ಗೆ ಆ ಅಭ್ಯಾಸವಿಲ್ಲ. ಊರಿನ ಅರ್ಧ ಗ್ಯಾರೇಜುಗಳು ಅವನ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತವೆ.

ಅವನ ಜೀಪು ಒಂದು ಬಿಳಿ ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿತ್ತು. ಎಡಬಾಗಿಲು ಒಳಕ್ಕೆ ಹೋಗಿತ್ತು. ಸೀಟಿನ ಮೇಲೆ ಒಣಗಿದ ರಕ್ತ.

ಜೀಪಿನಿಂದ ಅವನ ಬಂಟ ಬೋಲೊತ್ ಒಬ್ಬ ಮುದುಕನನ್ನು ಎಳೆದು ನೆಲಕ್ಕೆ ಹಾಕಿದ.

ಜೆಂಗಿಶ್. ನನಗೆ ಈ ಕಸುಬು ಕಲಿಸಿದವನು. ಮೂಗು ಒಡೆದಿತ್ತು.

"ಒಳಗೆ ಹೋಗು ಕಂದಾ," ಎಂದೆ ಮಗಳಿಗೆ. ಏಳು ವರ್ಷದವಳು. ಹೋಗಲಿಲ್ಲ. ಬಾಗಿಲಲ್ಲೇ ನಿಂತಳು.

"ಬುರುಲಕ್ಕಾ, ಕೆಲಸ ಇದೆ," ಎಂದ ಕುಬಾತ್.

"ಗೇಟು ರಿಪೇರಿನಾ?"

ಅವನು ನಗಲಿಲ್ಲ.

"ನನ್ ತಮ್ಮ ತಿಲೆಕ್ ನಿನ್ನೆ ಘಾಟೀಲಿ ತೀರ್ಕೊಂಡ. ಕಲ್ಲಿದ್ದಲು ಲಾರೀನ ಓವರ್‌ಟೇಕ್ ಮಾಡ್ತಿದ್ದ. ಅರ್ಧದಲ್ಲಿ ಕಾರು ಉಸಿರು ಬಿಡ್ತು. ಒತ್ತಿದ್ರೂ ಓಡ್ಲಿಲ್ಲ. ಎದುರಿಂದ ಇನ್ನೊಂದು ಲಾರಿ..." ಬೂಟಿನಿಂದ ಜೆಂಗಿಶ್‌ನನ್ನು ತೋರಿಸಿದ. "ಮೂರು ದಿನದ ಹಿಂದೆ ಈ ಮುದುಕ ಥ್ರಾಟಲ್ ಕ್ಲೀನ್ ಮಾಡಿದ್ದ. ಕೊಂದಿದ್ದು ಇವನೇನಾ, ನೋಡಿ ಹೇಳು."

"ಎಷ್ಟು ಟೈಮ್ ಕೊಡ್ತೀಯ?"

"ಇವನ ಬೆರಳು ಮುಗಿಯೋ ತನಕ."

ಬೋಲೊತ್ ಜೆಂಗಿಶ್‌ನ ಕೈಯನ್ನು ನನ್ನ ಬೆಂಚಿನ ವೈಸ್‌ನ ಕಬ್ಬಿಣದ ದವಡೆಗೆ ಸಿಕ್ಕಿಸಿ ಹಿಡಿ ತಿರುಗಿಸಿದ. ಹಸಿ ಕಡ್ಡಿ ಮುರಿದಂಥ ಸದ್ದು. ಮುದುಕ ಕಿರುಚಿದ.

ನನ್ನ ಕೈಗೆ ವೀಲ್ ಸ್ಪ್ಯಾನರ್ ಸಿಕ್ಕಿತು. ಬೋಲೊತ್‌ನ ಮೊಣಕೈಗೆ ಬೀಸಿದೆ. ಅವನೂ ಕಿರುಚಿದ.

ಮರುಕ್ಷಣ ಕುಬಾತ್‌ನ ಬೂಟು ನನ್ನ ಪಕ್ಕೆಲುಬಿಗೆ ಬಿತ್ತು. ಕವುಚಿ ಬಿದ್ದೆ. ಬಾಯಲ್ಲಿ ಉಪ್ಪು. ಕಿವಿಯ ಹಿಂದೆ ತಣ್ಣಗಿನ ಪಿಸ್ತೂಲು.

"ಕೈ ಬಿಡಿಸು," ಎಂದೆ ನೆಲದಿಂದಲೇ. "ಈ ಗಲಾಟೇಲಿ ನನಗೆ ಕೆಲಸ ಆಗಲ್ಲ."

ವೈಸ್ ಅರ್ಧ ಸುತ್ತು ಸಡಿಲವಾಯಿತು. ಅಷ್ಟೇ.

ತಿಲೆಕ್‌ನ ರಕ್ತದ ಮೇಲೆ ಕೂತು ಕಾರಿನ ಕಂಪ್ಯೂಟರ್‌ಗೆ ಸ್ಕ್ಯಾನರ್ ಚುಚ್ಚಿದೆ. ಕೀ ತಿರುಗಿಸಿದೆ.

"ಏನ್ ಹೇಳ್ತಿದೆ?"

"ಆಕ್ಸಿಲರೇಟರ್ ಪೆಡಲ್‌ನ ಎರಡು ಸೆನ್ಸರ್ ಒಂದಕ್ಕೊಂದು ತಾಳೆ ಇಲ್ಲ ಅಂತ."

"ಮನುಷ್ಯರಿಗೆ ಅರ್ಥ ಆಗೋ ಹಾಗೆ ಹೇಳು."

"ನೀನು ಎಷ್ಟು ಒತ್ತಿದೀಯ ಅಂತ ಇಬ್ಬರು ಸಾಕ್ಷಿ ಹೇಳ್ಬೇಕು. ಒಬ್ಬನ ನಂಬರು ಇನ್ನೊಬ್ಬನ ಅರ್ಧ ಇರ್ಬೇಕು. ಇಬ್ಬರೂ ಬೇರೆ ಬೇರೆ ಹೇಳಿದ್ರೆ ಕಂಪ್ಯೂಟರ್ ಯಾರನ್ನೂ ನಂಬಲ್ಲ. ಎಂಜಿನ್ ಕತ್ತು ಹಿಡಿದುಬಿಡುತ್ತೆ."

ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ನೋಡಿದೆ. ಕೇಳಿದಷ್ಟು ತೆರೆಯಿತು, ಹೇಳಿದಾಗ ಮುಚ್ಚಿತು. "ಜೆಂಗಿಶಣ್ಣನ ಕೆಲಸ ಸರಿಯಾಗಿದೆ."

"ಸುಳ್ಳು," ಎಂದ ಬೋಲೊತ್, ಮೊಣಕೈ ಹಿಡಿದುಕೊಂಡು.

"ಬಾ, ನೀನೇ ಓದು. ಓದೋಕೆ ಬಂದ್ರೆ."

ಪೆಡಲ್ ಒತ್ತಿದೆ. ಸ್ಕ್ಯಾನರ್‌ನಲ್ಲಿ ಎರಡೂ ಅಂಕಿಗಳು ಜೊತೆಯಾಗಿ ಏರಿದವು. ಪೆಡಲ್ ಕೂಡ ಸರಿ. ಅಡ್ಡ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿ ವೈರಿನ ಕಟ್ಟನ್ನು ಅಲ್ಲಾಡಿಸಿದೆ.

ಎರಡನೇ ಅಂಕಿ ಸೊನ್ನೆಗೆ ಬಿತ್ತು.

ಮತ್ತೆ ಅಲ್ಲಾಡಿಸಿದೆ. ಮತ್ತೆ ಸೊನ್ನೆ.

ಟೇಪು ಸೀಳಿದೆ. ಒಳಗೆ ಒಂದು ಗಂಟು. ತಾಮ್ರವನ್ನು ಬರಿಗೈಯಲ್ಲಿ ಹೊಸೆದು ಬಿಟ್ಟಿದ್ದರು. ಬೆಸುಗೆ ಇಲ್ಲ. ಹಸಿರು ಕಿಲುಬು ಹಿಡಿದಿತ್ತು.

ಇದು ನಮ್ಮೂರಿನ ಕಾಯಿಲೆ. ಜಪಾನಿನಿಂದ ಬರುವ ಕಾರಿನ ಸ್ಟೀರಿಂಗನ್ನು ಇಲ್ಲಿನ ರಸ್ತೆಗೆ ತಕ್ಕಂತೆ ಬಲದಿಂದ ಎಡಕ್ಕೆ ತರುತ್ತೇವೆ. ಪೆಡಲ್ ಜೊತೆಗೆ ಬರುತ್ತದೆ, ಅದರ ವೈರು ಸಾಲುವುದಿಲ್ಲ. ತುಂಡು ಸೇರಿಸಿ ಉದ್ದ ಮಾಡುತ್ತಾರೆ. ಆತುರದವರು ಹೊಸೆದು ಬಿಡುತ್ತಾರೆ.

"ಸ್ಟೀರಿಂಗ್ ಎಡಕ್ಕೆ ತಂದಿದ್ದು ಎಲ್ಲಿ?" ಎಂದೆ.

ಕುಬಾತ್ ಗಂಟನ್ನೇ ನೋಡುತ್ತಿದ್ದ.

"ಮನೆ ಹಿತ್ತಲಲ್ಲಿ," ಎಂದ. "ತಿಲೆಕ್ ಮದುವೆಗೆ ಕೊಡೋಕೆ."

ಬೋಲೊತ್ ನೆಲ ನೋಡಿದ. ಜೆಂಗಿಶ್ ಕಣ್ಣು ಮುಚ್ಚಿಕೊಂಡ. ಕುಬಾತ್ ಪಿಸ್ತೂಲು ಹಿಡಿಯುವ ಮೊದಲು ಇದೇ ಊರಲ್ಲಿ ಕಾರುಗಳ ಸ್ಟೀರಿಂಗನ್ನು ಎಡಕ್ಕೆ ಬದಲಿಸುವ ಕೆಲಸ ಮಾಡುತ್ತಿದ್ದ ಎಂಬುದು ಅಂಗಳದಲ್ಲಿದ್ದ ದೊಡ್ಡವರಿಗೆಲ್ಲ ಗೊತ್ತಿತ್ತು.

"ಈ ಗಂಟು ಹಾಕಿದ ಕೈ ಯಾವುದು ಹೇಳು," ಎಂದ ಅವನು. ದನಿ ಒಡೆದಿತ್ತು. "ಆ ಕೈನ ಇದೇ ವೈಸಲ್ಲಿ ಇಟ್ಟು ಪುಡಿ ಮಾಡ್ತೀನಿ. ಹೇಳು!"

ನಾನು ಬಾಯಿಬಿಟ್ಟರೆ ಗುಂಡು ನನಗೆ. ಸುಮ್ಮನಿದ್ದರೆ ಜೆಂಗಿಶ್‌ಗೆ. ಪಿಸ್ತೂಲು ಆಗಲೇ ಮುದುಕನ ಹಣೆಯತ್ತ ತಿರುಗುತ್ತಿತ್ತು. ಸ್ಪ್ಯಾನರ್ ಕೈಗೆಟುಕದಷ್ಟು ದೂರ ಬಿದ್ದಿತ್ತು.



ಹೆಜ್ಜೆ ಸದ್ದು. ಅರ್ಧ ಬಿಚ್ಚಿದ ಕೂದಲು ಮುಖಕ್ಕೆ ಬಿದ್ದ ಜಿಬೆಕ್ ನನ್ನ ಪಕ್ಕ ಬಂದು ನಿಂತಳು. ಹಿಂದಕ್ಕೆ ಎಳೆದೆ. ಜಗ್ಗಲಿಲ್ಲ. ಗಂಟು ನೋಡಿದಳು. ಆಮೇಲೆ ಕುಬಾತ್‌ನ ಮುಖ ನೋಡಿದಳು.

"ಮಾಮಾ... ಇದನ್ನ ನೀವೇ ಕಟ್ಟಿದ್ದಾ?"