ಗಾಜಿನ ಬಾಗಿಲ ಮೇಲೆ ಅರ್ಧ ಮೀಸೆ

ಗಾಜಿನ ಬಾಗಿಲ ಮೇಲೆ ತನ್ನ ಗಂಡನ ಮುಖ ಕಂಡು ಸೂಜಿಯ ಎದೆ ಧಸಕ್ಕೆಂದಿತು.

ನಿಜವಾದ ಮುಖವಲ್ಲ, ಬಣ್ಣದ್ದು. ಅದೇ ಅಗಲ ಹಣೆ, ಎಡಕ್ಕೆ ತೆಗೆದ ಅದೇ ಬೈತಲೆ, ನಗು ಬಂದರೂ ಬಿಟ್ಟುಕೊಡದ ಹಾಗೆ ಬಿಗಿದ ಅದೇ ತುಟಿ. ಮೀಸೆ ಮಾತ್ರ ಒಂದೇ ಕಡೆ ಇತ್ತು. ಸ್ಟೂಲಿನ ಮೇಲೆ ಕೂತಿದ್ದ ಪೇಂಟರ್ ಇನ್ನೊಂದು ಕಡೆಯ ಮೀಸೆಗೆ ಬ್ರಶ್ಶು ಅದ್ದುತ್ತಿದ್ದ. ಮುಖದ ಕೆಳಗೆ ಒಂದು ಕತ್ತರಿ, ಒಂದು ಬಾಚಣಿಗೆ.

ಅವಳು ಬಂದದ್ದು ದಪ್ಪ ದಾರ ಕೊಳ್ಳಲು. ಗಂಡನ ಬೆನ್ನಿನ ಬ್ಯಾಗಿನ ಪಟ್ಟಿ ಕಿತ್ತುಹೋಗಿತ್ತು. ನಾಳೆ ಬೆಳಿಗ್ಗೆ ಬೋಟು, ಅದರ ಆಚೆ ಇನ್ನೊಂದು ದೇಶ. ಅಷ್ಟರೊಳಗೆ ಹೊಲಿದುಬಿಡಬೇಕೆಂದು ಬಿಸಿಲಲ್ಲೇ ಹೊರಟಿದ್ದಳು.

ಪೇಂಟರ್ ಅವಳನ್ನು ನೋಡಿ ಹಲ್ಲು ಕಿರಿದ. "ನೀವು ಇವರ ಮನೆಯವರಲ್ವಾ? ಮೂಗು ಸರಿ ಬಂತಾ ನೋಡಿ."

ಆ ಊರಿನ ಭಾಷೆ ಅವಳಿಗೆ ಅರ್ಧ ಬರುತ್ತಿತ್ತು. ಉಳಿದರ್ಧವನ್ನು ಜನರ ಕೈ, ಹುಬ್ಬು ಹೇಳಿಬಿಡುತ್ತಿದ್ದವು.

"ಇದು ಯಾರ ಅಂಗಡಿ?"

"ಯಾರದು ಅಂದ್ರೆ? ನಿಮ್ಮದೇ! ಹಳೇ ಯಜಮಾನರಿಗೆ ಕೈ ನಡುಗುತ್ತೆ, ಕಟಿಂಗ್ ಮಾಡೋಕಾಗಲ್ಲ. ನಿಮ್ಮೋರಿಗೆ ವಹಿಸಿದಾರೆ. ನಾಳೆ ಬೋಟಿಗೆ ಅಂತ ನಿಮ್ಮನ್ನ ಹೊರಡಿಸಿಕೊಂಡು ಬಂದು ಸೀದಾ ಇಲ್ಲೇ ನಿಲ್ಲಿಸ್ತಾರಂತೆ, ಇನ್ಮೇಲೆ ಇದೇ ನಮ್ಮೂರು ಅಂತ..." ಅಷ್ಟು ಹೇಳಿ ಅವನು ಬ್ರಶ್ಶು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡ. ಗಲ್ಲಕ್ಕೆಲ್ಲ ಕಪ್ಪಾಯಿತು. "ಅಯ್ಯಯ್ಯೋ! ಸರ್ಪ್ರೈಸ್ ಅಂದಿದ್ರು. ನಾನು ಬಾಯಿ ಬಿಟ್ಟೆ."

ಏನಾದರೂ ಹೇಳಬೇಕಲ್ಲ ಎಂದು ಸೂಜಿ, "ಮೂಗು ಸ್ವಲ್ಪ ಉದ್ದ ಆಯ್ತು," ಎಂದು ಹೇಳಿ, ದಾರ ಕೊಳ್ಳುವುದನ್ನೂ ಮರೆತು ತಿರುಗಿ ನಡೆದಳು.

ಲಾಡ್ಜಿನ ಬಾಗಿಲಲ್ಲಿ ಒಡತಿ ಬಟ್ಟೆ ಒಣಹಾಕುತ್ತಿದ್ದಳು. ಸೂಜಿಯ ಮುಖ ನೋಡಿದ್ದೇ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ನಕ್ಕಳು. "ಗೊತ್ತಾಯ್ತಾ ಮಗಳೇ? ನನಗೆ ಮೊನ್ನೆಯಿಂದ ಹೊಟ್ಟೆ ಉಬ್ಬರ. ಯಾರಿಗೂ ಹೇಳೋ ಹಾಗಿಲ್ಲ ಅಂತ ನಿನ್ನ ಗಂಡ ಆಣೆ ಹಾಕಿಸ್ಕೊಂಡಿದ್ದ."

ಅಂದರೆ ಊರಿಗೆಲ್ಲ ಗೊತ್ತು, ಕಟ್ಟಿಕೊಂಡವಳಿಗೆ ಮಾತ್ರ ಗೊತ್ತಿಲ್ಲ.

ಸೂಜಿ ರೂಮಿಗೆ ಬಂದು ಮಂಚದ ತುದಿಯಲ್ಲಿ ಕೂತಳು. ಮೇಲೆ ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು. ಗೋಡೆಯ ಮೇಲೆ ಹಲ್ಲಿಯೊಂದು ಅವಳಷ್ಟೇ ಅಲುಗಾಡದೆ ಕೂತಿತ್ತು.

ಒಂದು ಬೇಸಿಗೆ ತಿರುಗಾಡಿಕೊಂಡು ಬರುತ್ತೇವೆಂದು ಹೊರಟವರು ಅವರು. ಹೋದ ದೇಶದಲ್ಲೆಲ್ಲ ವರ್ಷಪೂರ್ತಿ ಬೇಸಿಗೆಯೇ ಆದ್ದರಿಂದ ಆ ಬೇಸಿಗೆ ಮುಗಿಯಲೇ ಇಲ್ಲ.

ಮನೆಯಲ್ಲಿ ಗಂಡನಿಗೆ ಅವಳೊಡನೆ ಮಾತೇ ಇರಲಿಲ್ಲ. ಇರಲು ಜಾಗವೂ ಇರಲಿಲ್ಲ. ಅತ್ತೆ, ಮಾವ, ಭಾವ, ಓರಗಿತ್ತಿ, ಅವರ ಮಕ್ಕಳು ಎಲ್ಲ ಮಲಗುವ ಹಾಲ್‌ನ ಒಂದು ಮೂಲೆಗೆ ಪರದೆ ಕಟ್ಟಿ, ಇದು ನಿಮ್ಮಿಬ್ಬರದು ಎಂದಿದ್ದರು. ಪರದೆಯೊಳಗೆ ಬಳೆ ಸದ್ದಾದರೆ ಹೊರಗೆ ಯಾರಾದರೂ ಕೆಮ್ಮುತ್ತಿದ್ದರು. ಅವನು ಅವಳ ಕಡೆ ಒಮ್ಮೆ ನೋಡಿದರೆ ಸಾಕು, ಓರಗಿತ್ತಿ ಸೆರಗಿನಲ್ಲಿ ನಗುತ್ತಿದ್ದಳು. ನಾಚಿಕೆಗೆ ಅವನು ನೋಡುವುದನ್ನೇ ಬಿಟ್ಟ. ಅವಳು ಎದುರಿಗೇ ನಿಂತಿದ್ದರೂ ಅಣ್ಣನ ಮಗಳನ್ನು ಕರೆದು, "ನನ್ನ ಬನಿಯನ್ ಎಲ್ಲಿ ಅಂತ ಚಿಕ್ಕಮ್ಮನ್ನ ಕೇಳು," ಎನ್ನುತ್ತಿದ್ದ. ಅವಳೂ ತಲೆ ಬಗ್ಗಿಸಿ, "ಹಗ್ಗದ ಮೇಲಿದೆ ಅಂತ ಚಿಕ್ಕಪ್ಪಂಗೆ ಹೇಳು," ಎನ್ನುತ್ತಿದ್ದಳು.

ಅವನ ಸಲೂನಿಗೆ ಕೂದಲು ಕತ್ತರಿಸಿಕೊಳ್ಳಲು ಬಂದ ಪ್ರವಾಸಿಯೊಬ್ಬ, ಕೈಯಲ್ಲಿ ಕಸುಬಿದ್ದರೆ ಯಾವ ದೇಶದಲ್ಲೂ ಉಪವಾಸ ಬೀಳುವುದಿಲ್ಲ ಎಂದು ತಲೆ ತುಂಬಿ ಹೋಗಿದ್ದ. ಆ ರಾತ್ರಿ ಪರದೆಯೊಳಗೆ ಗಂಡ ಅವಳ ಕಿವಿಯಲ್ಲಿ ಕೇಳಿದ್ದ, "ಹೋಗೋಣ್ವಾ?" ಅಷ್ಟು ದಿನದಲ್ಲಿ ಅವನು ಅವಳೊಬ್ಬಳಿಗೇ ಆಡಿದ ಮೊದಲ ಮಾತು. ಎಲ್ಲಿಗೆ ಎಂದು ಕೇಳುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ. ಹೂಂ ಅಂದುಬಿಟ್ಟಿದ್ದಳು.

ಗಡಿ ದಾಟಿದ ಮೊದಲ ಬಸ್‌ಸ್ಟ್ಯಾಂಡಿನಲ್ಲೇ ಗಂಡನ ಬಾಯಿಗೆ ಹಾಕಿದ್ದ ಬೀಗ ಕಳಚಿತು. ಊರಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವಳನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. "ನೀನು ಟೈಲರಮ್ಮ ಅಲ್ಲ, ಸೂಜಿ. ಮಾತಿಲ್ಲ ಕತೆಯಿಲ್ಲ, ಕಣ್ಣು ಮಾತ್ರ ಎಲ್ಲ ಕಡೆ ತೂರಿ ಬರುತ್ತೆ," ಎಂದು ನಕ್ಕ. ಅಂದಿನಿಂದ ಅವಳು ಸೂಜಿ. ಲಾಡ್ಜುಗಳ ಜಗಲಿಯಲ್ಲಿ ಅವನು ಪ್ರವಾಸಿಗಳ ಕೂದಲು ಕತ್ತರಿಸುತ್ತಿದ್ದ. ಪಕ್ಕದಲ್ಲೇ ಕೂತು ಅವಳು ಅವರ ಹರಿದ ಬ್ಯಾಗು ಹೊಲಿಯುತ್ತಿದ್ದಳು. ಕೆಲಸ ಮುಗಿಸಿ ಗಿರಾಕಿಯ ತಲೆಯ ಹಿಂದೆ ಕೈಗನ್ನಡಿ ಹಿಡಿಯುವಾಗ ಅವನು ಅದನ್ನು ಕೊಂಚ ವಾಲಿಸುತ್ತಿದ್ದ. ಗಿರಾಕಿಗೆ ತನ್ನ ಕತ್ತಿನ ಬದಲು ಆಕಾಶ ಕಾಣುತ್ತಿತ್ತು. ಅವನಿಗೆ ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ಒಂದು ಹುಬ್ಬು ಏರಿಸುತ್ತಿದ್ದ, ಅಷ್ಟೇ. ಹೊಲಿಯುತ್ತಿದ್ದ ಸೂಜಿ ಅವಳ ಬೆರಳಿಗೆ ಚುಚ್ಚಿಯೇ ಬಿಡುತ್ತಿತ್ತು.

ಸುಖ ಬೇಕಾದಷ್ಟಿತ್ತು. ಆದರೂ ಇತ್ತೀಚೆಗೆ ಅವಳಿಗೆ ಮನೆ ಕನಸಲ್ಲಿ ಬರುತ್ತಿತ್ತು. ತನ್ನ ಹೊಲಿಗೆ ಮಿಷನ್ನಿನ ಸದ್ದು, ಅತ್ತೆಯ ಗೊಣಗಾಟ, ಓರಗಿತ್ತಿಯ ಕೊಂಕು. ಬೈಗುಳ ಕೇಳದೆ ಕಿವಿ ತುಕ್ಕು ಹಿಡಿದಿತ್ತು. ಬ್ಯಾಗು ಹೊತ್ತು ಹೊತ್ತು ಹೆಗಲು ಕಂದಿತ್ತು. ಆದರೆ ಹೇಳಲಿಲ್ಲ. ಗಂಡನಿಗೆ ತಿರುಗಾಟವೆಂದರೆ ಪ್ರಾಣ ಎಂದು ನಂಬಿದ್ದಳು.

ಈಗ ಅವನು ಇಲ್ಲಿ ಬೇರು ಬಿಡಲು ಹೊರಟಿದ್ದಾನೆ, ಒಂದು ಮಾತೂ ಕೇಳದೆ.

ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಒಳಗೆ ಬಂದವನೇ, "ಸೂಜಿ, ಪಟ್ಟಿ ಹೊಲಿದಾಯ್ತಾ? ನಾಳೆ ಬೋಟಲ್ಲಿ ಕಿತ್ಕೊಂಡು ಬಿದ್ರೆ ಮೀನುಗಳು ನನ್ನ ಬನಿಯನ್ ಹಾಕ್ಕೊಂಡು ಓಡಾಡ್ತವೆ," ಎಂದ.

"ಮೂಗು ಉದ್ದ ಆಗಿದೆ ರೀ."

"ಯಾರ ಮೂಗು?"

"ಗಾಜಿನ ಬಾಗಿಲ ಮೇಲಿರೋರದ್ದು."

ಟವೆಲ್ಲು ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ನೋಡಿಬಿಟ್ಟೆಯಾ? ಥತ್! ಆ ಪೇಂಟರಿಗೆ ಹಿಂದಿನ ಬಾಗಿಲಿಂದ ಶುರು ಮಾಡು ಅಂದಿದ್ದೆ." ಮರುಕ್ಷಣವೇ ಕಣ್ಣು ಅರಳಿಸಿದ. "ಹೋಗ್ಲಿ, ಖುಷಿ ಆಯ್ತಾ?"

"ಖುಷಿನಾ?"

"ಮತ್ತೆ? ಹೋದ ಹೋದ ಊರಲ್ಲೆಲ್ಲ ನೀನೇ ಅಂತಿದ್ದೆ, ಇಲ್ಲೇ ಇದ್ದುಬಿಡೋಣ ರೀ, ಇಲ್ಲೇ ಇದ್ದುಬಿಡೋಣ ಅಂತ. ಈ ಊರಲ್ಲಂತೂ ಬ್ಯಾಗ್ ಇಳಿಸೋ ಮುಂಚೆನೇ ಅಂದೆ. ಹೆಂಡ್ತಿ ಆಸೆ ಒಂದಾದ್ರೂ ತೀರಿಸೋಣ ಅಂತ..."

ಸೂಜಿ ಬಿಟ್ಟ ಕಣ್ಣು ಬಿಟ್ಟಂತೆ ಅವನನ್ನೇ ನೋಡಿದಳು. "ನನಗೆ ಸಾಕಾಗಿತ್ತು ರೀ! ಇನ್ನೊಂದು ಬಸ್ಸು ಹತ್ತೋಕೆ ಆಗಲ್ಲ ಅಂತ ನೇರ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳ್ತಿದ್ದೆ. ನಿಮಗೋ ತಿರುಗಾಟದ ಹುಚ್ಚು. ಘಾಟಿಯಲ್ಲಿ ಬಸ್ಸು ಓಲಾಡಿದಷ್ಟೂ ಗಂಟಲು ಬಿಚ್ಚಿ ಹಾಡ್ತಿದ್ರಿ."

"ನಾನು ಹಾಡ್ತಿದ್ದದ್ದು ಹೆದರಿಕೆಗೆ ಕಣೇ!"



"ಹೆದರಿಕೆಗಾ?"

"ಪ್ರಪಾತ ಕಂಡ್ರೆ ನನಗೆ ಹೊಟ್ಟೆಯೊಳಗೆ ಕಲ್ಲು ಉರುಳಿದ ಹಾಗಾಗುತ್ತೆ. ಬೋಟು ಅಂದ್ರೆ ಹಿಂದಿನ ದಿನದಿಂದ ಅನ್ನ ಸೇರಲ್ಲ. ಬಾಯಿ ಮುಚ್ಚಿದ್ರೆ ಎಲ್ಲಿ ಕಿರುಚಿಬಿಡ್ತೀನೋ ಅಂತ ಹಾಡ್ತಿದ್ದೆ."

"ನಾನು ತಾಳ ಹಾಕ್ತಿದ್ದೆ!"

"ನೀನು ತಾಳ ಹಾಕ್ತಿದ್ದೆ ಅಂತಲೇ ಮುಂದಿನ ಟಿಕೆಟ್ ತಗೋತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಕತ್ತಲಲ್ಲಿ ಕಳ್ಳನೆಂದು ಹಿಡಿದವನ ಮುಖಕ್ಕೆ ಬೆಳಕು ಬಿಟ್ಟಾಗ ಮನೆಯವನೇ ಆಗಿದ್ದ ಹಾಗೆ. ಎಷ್ಟು ದೇಶ, ಎಷ್ಟು ಘಾಟಿ! ಒಬ್ಬರ ಖುಷಿಗೆಂದು ಇನ್ನೊಬ್ಬರು ಹೊತ್ತುಕೊಂಡು ತಿರುಗಿದ ದಾರಿ, ಇಬ್ಬರಿಗೂ ಬೇಕಿರಲಿಲ್ಲ.

ಅವನಿಗೆ ನಗು ಬರತೊಡಗಿತು. ಅವಳಿಗೆ ಬರಲಿಲ್ಲ.

"ನಗಬೇಡಿ. ಮನೇಲಿ ಜನ ಇದ್ರು, ನೀವು ನನ್ನ ಕೇಳ್ತಿರಲಿಲ್ಲ, ಸರಿ. ಇಲ್ಲಿ ಇರೋರು ಇಬ್ಬರೇ. ನಾನು ಯಾವ ಊರಲ್ಲಿ ಬಾಳಬೇಕು ಅಂತ ಇಲ್ಲೂ ಪೇಂಟರ್ ಬಾಯಿಂದ ಕೇಳಬೇಕಾ?"

ಅವಳು ಅವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವನ ನಗು ಅಲ್ಲೇ ಇಂಗಿಹೋಯಿತು. ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ನಿಂತ. ಆಮೇಲೆ ನಿಧಾನವಾಗಿ ಬಂದು ಅವಳ ಮುಂದೆ ನೆಲದ ಮೇಲೆ ಕೂತ.

"ತಪ್ಪಾಯ್ತು. ನಡಿ, ಮನೆಗೆ ಹೋಗೋಣ."

"ಬೇಡ."

"ಬೇಡ್ವಾ?" ಅವನು ತಬ್ಬಿಬ್ಬಾದ. "ಈಗ ತಾನೇ ಸಾಕಾಯ್ತು ಅಂದೆ!"

ಸೂಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮನೆಗೆ ಹೋದ್ರೆ ನೀವು ಇರಲ್ಲ."

"ನಾನೆಲ್ಲಿ ಹೋಗ್ತೀನಿ?"

"ಬನಿಯನ್ ಎಲ್ಲಿ ಅಂತ ಮಕ್ಕಳ ಕೈಲಿ ಕೇಳಿಸ್ತಾರಲ್ಲ, ಅವರು ಇರ್ತಾರೆ. ಕನ್ನಡಿ ವಾಲಿಸೋರು ಇರಲ್ಲ. ಮನೆ ಬೇಕು ರೀ, ಉಸಿರು ಕಟ್ಟೋಷ್ಟು ಬೇಕು. ಆದ್ರೆ ನಿಮ್ಮನ್ನ ಬಿಟ್ಟು ಬೇಡ."

ಅವಳ ಕಣ್ಣಿಂದ ಒಂದು ಹನಿ ಅವನ ಮುಂಗೈ ಮೇಲೆ ಬಿತ್ತು. ಅವನು ಅದನ್ನು ಒರೆಸಲಿಲ್ಲ.

"ನಾನು ಅಂಗಡಿ ಹಿಡಿದದ್ದೂ ಅದಕ್ಕೇ," ಎಂದ. "ಅಲ್ಲಿ ನೀನು ತಲೆ ಎತ್ತಿದ್ದನ್ನ ನಾನು ನೋಡೇ ಇಲ್ಲ. ನನ್ನ ಹೆಂಡ್ತಿ ಕಣ್ಣು ಜೇನಿನ ಬಣ್ಣ ಅಂತ ನನಗೆ ಗೊತ್ತಾಗಿದ್ದು ಯಾವುದೋ ದೇಶದ ಬಸ್‌ಸ್ಟ್ಯಾಂಡಲ್ಲಿ. ಮತ್ತೆ ಆ ಪರದೆ ಹಿಂದೆ ಹೋಗಿ ಅದನ್ನ ಕಳ್ಕೊಳ್ಳೋದು ನನ್ನಿಂದ ಆಗಲ್ಲ. ನಿನ್ನ ಮೇಲೆ ಜೀವ ಇಟ್ಕೊಂಡಿದೀನಿ ಕಣೇ. ಹೇಳೋಕೆ ಬರಲ್ಲ, ಅದಕ್ಕೇ ಪೇಂಟ್ ಮಾಡಿಸ್ತಿದ್ದೆ."

"ನಿಮ್ಮ ಮುಖಾನಾ?" ಅಳುವಿನ ನಡುವೆಯೇ ಅವಳು ಕೇಳಿದಳು. "ಜೀವ ನನ್ನ ಮೇಲೆ, ಮುಖ ನಿಮ್ಮದು?"

"ನಿನ್ನದು ಹಾಕಿಸಿದ್ರೆ ಊರ ಗಂಡಸರೆಲ್ಲ ದಿನಾ ಶೇವಿಂಗ್‌ಗೆ ಬರ್ತಿದ್ರು."

ಅವಳು ಅವನ ತೋಳಿಗೆ ಗುದ್ದಿದಳು. ಗುದ್ದಿದ ಮುಷ್ಟಿ ಅಲ್ಲೇ ಉಳಿಯಿತು, ಮೆಲ್ಲಗೆ ಬಿಚ್ಚಿಕೊಂಡು ಅಂಗೈಯಾಯಿತು.

"ಅಂಗಡಿ ಏನ್ ಮಾಡ್ತೀರಿ?"

"ಯಜಮಾನರ ಕಾಲಿಗೆ ಬೀಳ್ತೀನಿ. ಅವರ ಅಳಿಯ ಮೊದಲಿಂದಲೂ ನನಗೆ ಕೊಡಿ ಅಂತ ದುಂಬಾಲು ಬಿದ್ದಿದಾನೆ. ಅವನಿಗೆ ಮೀಸೆ ಇಲ್ಲ, ಮೂಗು ಉದ್ದ. ಪೇಂಟರಿಗೆ ಹೆಚ್ಚು ಕೆಲಸ ಇಲ್ಲ."

ಅವಳು ನಕ್ಕಳು. ಆದರೆ ಮರುಗಳಿಗೆಯೇ ಆ ನಗು ಬಾಡಿತು. ಹೋಗುವುದೇನೋ ಹೋಗಬಹುದು. ಅಲ್ಲಿ ಆ ಹಾಲ್, ಆ ಪರದೆ, ಆ ಕೆಮ್ಮು ಎಲ್ಲ ಹಾಗೇ ಕಾದಿರುತ್ತವೆ. ಇಲ್ಲಿ ಆಡಿದ ಮಾತಿಗೆ ಅಲ್ಲಿ ಬೆಲೆ ಎಷ್ಟು?

ಅವಳ ಮನಸ್ಸು ಓದಿದವನಂತೆ ಅವನು ಜೇಬಿನಿಂದ ಫೋನು ತೆಗೆದ. ಮನೆಯ ನಂಬರಿಗೆ ವಿಡಿಯೋ ಕಾಲ್ ಹಚ್ಚಿದ.

"ಏನ್ ಮಾಡ್ತಿದೀರಿ? ನನ್ನ ಕಣ್ಣು ಕೆಂಪಾಗಿದೆ. ರೀ! ಬೇಡ..."

ಅಷ್ಟರಲ್ಲಿ ಫೋನಿನ ಪರದೆಯ ತುಂಬ ಅತ್ತೆಯ ಹಣೆ ಕಾಣಿಸಿತು. ಹಣೆ ಹಿಂದೆ ಸರಿದಂತೆ ಮಾವನ ಕನ್ನಡಕ, ಭಾವನ ಹೊಟ್ಟೆ, ಓರಗಿತ್ತಿಯ ನಗು, ಮಕ್ಕಳ ಹಲ್ಲು, ಒಂದರ ಮೇಲೊಂದು ಬಂದು ಅಂಟಿಕೊಂಡವು. ಸೂಜಿಯ ತಲೆ ತಾನಾಗಿ ಬಗ್ಗಿತು.

"ಅಮ್ಮ, ನಾವು ವಾಪಸ್ ಬರ್ತಿದೀವಿ," ಎಂದ ಅವನು. "ಸೂಜಿಗೆ ಮನೆ ನೆನಪಾಗಿದೆ. ನನಗೂ."

ಅತ್ತೆಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ಸೂಜಿ ಯಾರೋ? ಯಾರನ್ನ ಕಟ್ಕೊಂಡು ಬರ್ತಿದೀಯೋ, ಪಾಪಿ? ನನ್ನ ಸೊಸೆ ಎಲ್ಲೋ?"

"ಇವಳೇ ಅಮ್ಮ, ನಿನ್ನ ಸೊಸೆ. ನಾನು ಕರೆಯೋದು ಹಾಗೆ." ಹೇಳುತ್ತಲೇ ಅವನು ಸೂಜಿಯ ಹೆಗಲ ಮೇಲೆ ಕೈ ಹಾಕಿ, ಎಲ್ಲರ ಎದುರಿಗೇ, ಹತ್ತಿರಕ್ಕೆ ಎಳೆದುಕೊಂಡ.

ಆ ಕಡೆಯ ಮುಖಗಳೆಲ್ಲ ನೆಟ್‌ವರ್ಕ್ ಹೋದ ಹಾಗೆ ಇದ್ದಲ್ಲೇ ನಿಂತವು. ಗಂಡನ ಕಿವಿ ಕೆಂಪಾಗಿತ್ತು. ಆದರೆ ಹೆಗಲ ಮೇಲಿನ ಕೈ ಅಲ್ಲೇ ಇತ್ತು.

ಮೊದಲು ಬಾಯಿ ಬಂದದ್ದು ಓರಗಿತ್ತಿಗೆ, ಅದೂ ತನ್ನ ಗಂಡನ ಕಡೆ ತಿರುಗಿ. "ನೋಡ್ರೀ, ನಿಮ್ಮ ತಮ್ಮನ್ನ ನೋಡಿ ಕಲೀರಿ. ನೀವೂ ಇದೀರಿ, ಗೋಡೆಗೆ ಒರಗಿಸಿಟ್ಟ ಚಾಪೆ ಹಾಗೆ!"

"ಅತ್ತಿಗೆ, ಮಾಳಿಗೆ ರೂಮು ಖಾಲಿ ಮಾಡಿಸಿ. ನಮಗೆ ಅದು ಬೇಕು," ಎಂದ ಅವನು.

"ಅದರಲ್ಲಿ ಈರುಳ್ಳಿ ಹರಡಿದೀವಲ್ಲಪ್ಪ."

"ಈರುಳ್ಳಿನ ಹಾಲ್‌ಗೆ ಹಾಕಿ, ಪರದೆ ಕಟ್ಟಿ."

ಭಾವ ಗಹಗಹಿಸಿ ನಕ್ಕರು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು, ಕಂಡದ್ದು ಸರಿಯೋ ತಪ್ಪೋ ಎಂಬಂತೆ. ಅತ್ತೆ ಮಾತ್ರ ಇನ್ನೂ ಹೆಗಲ ಮೇಲಿನ ಆ ಕೈಯನ್ನೇ ನೋಡುತ್ತಿದ್ದರು.

ಸೂಜಿ ಮೆಲ್ಲಗೆ ತಲೆ ಎತ್ತಿದಳು. ಆ ಮನೆಯವರು ಯಾರೂ ಅವಳ ಕಣ್ಣನ್ನು ಅಷ್ಟು ನೇರವಾಗಿ ನೋಡಿರಲಿಲ್ಲ.

"ಅತ್ತೆ," ಎಂದಳು. "ಆ ರೂಮಿಗೆ ಒಳಗಡೆ ಚಿಲಕ ಇದೆಯಾ?"

ಗಂಡನ ಕೈಯಿಂದ ಫೋನು ಜಾರಿತು. ಅವನು ಬೆಚ್ಚಿ ಅವಳ ಕಡೆ ನೋಡಿದ, ಆ ಎಲ್ಲ ಪ್ರಪಾತಗಳನ್ನು ನೋಡಿದ್ದಕ್ಕಿಂತ ಹೆಚ್ಚು ದಿಗಿಲಿನಿಂದ, ಆಸೆಯಿಂದ. ಮಂಚದ ಕೆಳಗೆ ಮಗುಚಿ ಬಿದ್ದ ಫೋನಿನೊಳಗೆ ಮಕ್ಕಳನ್ನು ಹೊರಗೆ ಅಟ್ಟುವ ಸದ್ದು, ಓರಗಿತ್ತಿಯ ಕಿಸಕ್ಕೆಂಬ ನಗು. ಆಮೇಲೆ ಅತ್ತೆ ಒಮ್ಮೆ ಗಟ್ಟಿಯಾಗಿ ಕೆಮ್ಮಿದರು.

"ಇಲ್ಲ," ಎಂದರು. "ಹಾಕಿಸ್ತೀನಿ, ಬಾ."